ನರಿಯ ಬೇಟೆ ಮತ್ತು ಶ್ರಾವಕಧರ್ಮ

ಕರ್ನಾಟಕದ ಜೈನ ಮನೆತನಗಳಿಗೆ ನರಿ ಅಪರಿಚಿತ ಪ್ರಾಣಿಯಲ್ಲ. ಕನ್ನಡದ ಪ್ರಾಚೀನ ಗದ್ಯಕೃತಿಗಳಲ್ಲಿ ಅಗ್ರಸ್ಥಾನದಲ್ಲಿರುವ, ಶಿವಕೋಟ್ಯಾಚಾರ್ಯರ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದೇ ಸುಕುಮಾರಸ್ವಾಮಿಯ ಕಥೆ. ಕ್ರಿ.ಶ. 1068ರಲ್ಲಿ ಶಾಂತಿನಾಥ ಕವಿಯು ಅದನ್ನೇ ‘ಸುಕುಮಾರಚರಿತೆ’ ಎಂಬ ಚಂಪೂಕಾವ್ಯವಾಗಿ ವಿಸ್ತರಿಸಿದನು. ಉಜ್ಜಯಿನಿಯ ಅತಿ ಶ್ರೀಮಂತ ಮನೆಯಲ್ಲಿ, ನೆಲಕ್ಕೆ ಕಾಲೂರದಷ್ಟು ಮೃದುವಾಗಿ ಬೆಳೆದ ಯುವಕನು ವೈರಾಗ್ಯ ತಾಳಿ ಅಡವಿಗೆ ನಡೆಯುತ್ತಾನೆ. ಬರಿಗಾಲಿಗೆ ಕಲ್ಲುಮುಳ್ಳು ತಾಗಿ ನೆತ್ತರು ಸುರಿಯುತ್ತದೆ. ಆ ನೆತ್ತರಿನ ಜಾಡನ್ನು ಮೂಸುತ್ತಾ ಮರಿಗಳೊಡನೆ ಬಂದ ಹೆಣ್ಣು ನರಿಯೊಂದು ಧ್ಯಾನದಲ್ಲಿದ್ದ ಆತನನ್ನು ಮೂರು ದಿನ ತಿನ್ನುತ್ತದೆ; ಆತನು ಕದಲುವುದಿಲ್ಲ. ಹಿಂದಿನ ಭವವೊಂದರಲ್ಲಿ ಆತನಿಂದ ಒದೆಸಿಕೊಂಡ ಅತ್ತಿಗೆಯೇ ಆ ನರಿ. ಆ ಕಾಲನ್ನು ತಿಂದೇ ತೀರುವೆನೆಂದು ಆಕೆ ಮಾಡಿಕೊಂಡ ನಿದಾನವೇ ಅವಳನ್ನು ಅಲ್ಲಿಗೆ ತಂದಿತು.

ಈ ಕಥೆಯನ್ನು ಬಾಲ್ಯದಿಂದ ಕೇಳಿದವರು ಗಮನಿಸದೆ ಹೋಗುವ ಸಂಗತಿಯೊಂದಿದೆ. ಮುನಿಯನ್ನು ತಿಂದ ನರಿಯನ್ನು ಅಟ್ಟಿಸಿಕೊಂಡು ಕಥೆ ಹೋಗುವುದಿಲ್ಲ. ಅದನ್ನು ಕೊಂದು ಸೇಡು ತೀರಿಸಿಕೊಳ್ಳಬೇಕೆಂಬ ಬಯಕೆ ಕಥನದ ಚೌಕಟ್ಟಿನೊಳಕ್ಕೆ ಬರುವುದೇ ಇಲ್ಲ. ನರಿ ಇಲ್ಲಿ ದುಷ್ಟಮೃಗವಲ್ಲ, ಕರ್ಮದ ಭಾರ ಹೊತ್ತು ತಿರ್ಯಗ್ಗತಿಯಲ್ಲಿ ತೊಳಲುತ್ತಿರುವ ಇನ್ನೊಂದು ಜೀವ. ಪಂಚತಂತ್ರದ ಕುತಂತ್ರಿ ನರಿಗೂ, ಎದ್ದಕೂಡಲೆ ಅದರ ಮುಖ ಕಂಡವನಿಗೆ ಅದೃಷ್ಟ ಖುಲಾಯಿಸುತ್ತದೆಂದು ಹಳ್ಳಿಯ ಜನ ನಂಬುವ ನರಿಗೂ ಇರದ ಒಂದು ಘನತೆಯನ್ನು ಆರಾಧನಾಕಥೆ ಅದಕ್ಕೆ ಕೊಟ್ಟಿದೆ.

ಕನ್ನಡದಲ್ಲಿ ‘ನರಿ’ ಎಂಬ ಒಂದೇ ಮಾತು ಎರಡು ಪ್ರಾಣಿಗಳಿಗೆ ಸಲ್ಲುತ್ತದೆ. ಸಂಜೆಯಾದೊಡನೆ ಗುಂಪಾಗಿ ಊಳಿಡುವ, ಸಂಸ್ಕೃತದವರು ಶೃಗಾಲ, ಜಂಬುಕ, ಗೋಮಾಯು ಎಂದೆಲ್ಲ ಕರೆದ ಗುಳ್ಳೆನರಿ ಒಂದು. ಬಯಲಿನ ಬಿಲಗಳಲ್ಲಿ ವಾಸಿಸುವ, ಅದಕ್ಕಿಂತ ಚಿಕ್ಕದಾದ ಕುರುಚಲು ಸೀಮೆಯ ನರಿ ಇನ್ನೊಂದು. ಬೆಂಗಳೂರಿನ ಸುತ್ತಣ ಬಯಲುಸೀಮೆ ಎರಡಕ್ಕೂ ಹಿತವಾದ ನೆಲವಾಗಿತ್ತು. ಕಾಡೆಂದು ಹೇಳುವಷ್ಟು ಕಾಡಿಲ್ಲ. ಆದರೆ ರಾಗಿ, ಅವರೆ, ಹುರುಳಿಯ ಹೊಲಗಳು, ಹೊಲಗಳ ನಡುವೆ ಕಳ್ಳಿಬೇಲಿ, ಊರಾಚೆ ಗೋಮಾಳ, ಕೆರೆಯಂಗಳದ ಜೊಂಡು, ಒಣಗಿದ ರಾಜಕಾಲುವೆ. ಹಗಲು ಮಲಗಲು ಪೊದೆ, ಇರುಳು ತಿರುಗಲು ತೆರೆದ ಹೊಲ. ನರಿಗೆ ಬೇಕಾದದ್ದು ಇಷ್ಟೇ. ಇಲಿ, ಹೆಗ್ಗಣ, ಏಡಿ, ಮಿಡತೆ, ಎಲಚಿಹಣ್ಣು, ಸತ್ತ ದನದ ಮಾಂಸ ಇವು ಅದರ ಆಹಾರ. ಆಗೊಮ್ಮೆ ಈಗೊಮ್ಮೆ ಕೋಳಿಯೂ ಕುರಿಮರಿಯೂ ಸೇರುವುದುಂಟು. ಕಡಲೆಕಾಯಿ ಕಿತ್ತು ತಿನ್ನುತ್ತದೆ, ಕಬ್ಬು ಅಗಿಯುತ್ತದೆ, ಕಲ್ಲಂಗಡಿ ಒಡೆಯುತ್ತದೆ. ಹುಚ್ಚು ಹಿಡಿದ ನರಿ ಕಚ್ಚಿದರೆ ಮನುಷ್ಯನೂ ದನವೂ ಉಳಿಯವು ಎಂಬ ಭಯವಂತೂ ಹಳ್ಳಿಯಲ್ಲಿ ನಿಜವಾದ ಭಯವೇ ಆಗಿತ್ತು. ನರಿಯ ಮೇಲೆ ರೈತನಿಗಿದ್ದ ಸಿಟ್ಟು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕಿದರೆ ಮುಂದಿನ ವಿಚಾರ ಸರಿಯಾಗಿ ಸಾಗದು.

ಇಂದು ತಂತ್ರಜ್ಞಾನದ ಹೆಸರಿನಿಂದ ಜಗತ್ತಿಗೆ ತಿಳಿದಿರುವ ಊರುಗಳೆಲ್ಲ ಇಂಥ ನೆಲದ ಮೇಲೆಯೇ ಎದ್ದಿವೆ. ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯದ ವಸಾಹತಾಗಿ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ವಾಯವ್ಯದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ರೂಪುಗೊಂಡಿತು. ಅದರ ನೆರೆಯ ಜಾಲಹಳ್ಳಿಗೆ ಎಚ್.ಎಂ.ಟಿ. ಕಾರ್ಖಾನೆ 1953ರಲ್ಲೇ ಬಂದಿತ್ತು. ಈ ಮೂರೂ ದಿಕ್ಕುಗಳಲ್ಲಿ ಗಿರಣಿ, ಗೋದಾಮು, ಮನೆ, ಬಸದಿಗಳನ್ನು ಕಟ್ಟಿಕೊಂಡಿರುವ ಜೈನ ಕುಟುಂಬಗಳು ಈಗ ಕಡಮೆಯಲ್ಲ. ಆ ನೆಲದ ಹಳೆಯ ವಾಸಿಗಳ ಪಾಡೇನಾಯಿತೆಂಬುದು ಅವರಿಗೆ ದೂರದ ವಿಷಯವಾಗಲಾರದು.

ಬೇಟೆಯ ಚರಿತ್ರೆಗೆ ಬಂದರೆ ಕರ್ನಾಟಕದ ಅತಿ ಹೃದಯಸ್ಪರ್ಶಿ ಸಾಕ್ಷ್ಯವೊಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೇ ಇದೆ. ಮದ್ದೂರು ತಾಲೂಕಿನ ಆತಕೂರಿನಿಂದ ತಂದ ವೀರಗಲ್ಲು ಅದು. ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ದೊರೆ ಇಮ್ಮಡಿ ಬೂತುಗನು, ತನ್ನ ಸೇವಕನಾದ ಮಣಲೆರನ ಪರಾಕ್ರಮವನ್ನು ಮೆಚ್ಚಿ ಬೇಕಾದುದನ್ನು ಬೇಡೆಂದನು. ಮಣಲೆರ ಊರು ಬೇಡಲಿಲ್ಲ, ಹೊನ್ನು ಬೇಡಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಬೆಟ್ಟದ ಬಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಪರಸ್ಪರ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜಾರಿಯು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ವಿಧಿಸಲಾಯಿತು.

ಇಮ್ಮಡಿ ಬೂತುಗನ ಮನೆತನ ಜಿನಧರ್ಮಕ್ಕೆ ಆಶ್ರಯವಾಗಿದ್ದ ಮನೆತನ. ಅವನ ಮಗ ಮಾರಸಿಂಹನೇ ಸುಮಾರು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವನು. ಆದರೂ ಆ ಅರಮನೆಯಲ್ಲಿ ಬೇಟೆನಾಯಿ ಇತ್ತು. ಅದು ಮೆಚ್ಚಿದವನಿಗೆ ಕೊಡುವ ಕೊಡುಗೆಯಾಗಿತ್ತು. ಬಸದಿ ಕಟ್ಟಿಸಿದ ಕೈಗಳೆಲ್ಲ ಬಿಲ್ಲು ಹಿಡಿಯದ ಕೈಗಳೆಂದು ಇಂದು ಬರೆಯುವುದು ಭಕ್ತಿಯ ಅತಿಶಯವಾದೀತೇ ಹೊರತು ಇತಿಹಾಸವಾಗದು. ಇನ್ನೂ ಎರಡು ಶತಮಾನ ಕಳೆಯುವುದರೊಳಗೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯನ್ನೂ ಸಾರಮೇಯವಿನೋದವನ್ನೂ, ಅಂದರೆ ನಾಯಿಗಳ ಆಟವನ್ನೂ, ಅರಸನ ವಿನೋದಗಳ ಸಾಲಿನಲ್ಲಿ ಶಾಸ್ತ್ರೋಕ್ತವಾಗಿ ವರ್ಣಿಸಿದನು. ರಾಜಧರ್ಮ ಅದನ್ನು ವಿನೋದವೆಂದಿತು. ಶ್ರಾವಕಾಚಾರದ ಗ್ರಂಥಗಳು ಅದೇ ಕ್ರಿಯೆಯನ್ನು ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಕಳವು, ಪರದಾರಗಳೊಡನೆ ಸಪ್ತವ್ಯಸನಗಳಲ್ಲಿ ಸೇರಿಸಿದವು. ವ್ಯಸನವೆಂಬ ಮಾತನ್ನು ಇಲ್ಲಿ ನಿಧಾನಿಸಿ ನೋಡಬೇಕು. ಕೊಲ್ಲುವುದು ಪಾಪವೆಂದು ಹೇಳಲು ಅಹಿಂಸಾಣುವ್ರತವೊಂದೇ ಸಾಕಾಗಿತ್ತು. ಅದರ ಮೇಲೆ ಬೇಟೆಯನ್ನು ವ್ಯಸನವೆಂದೂ ಕರೆದದ್ದು, ಅದು ಅಭ್ಯಾಸವಾಗಿ ಮನಸ್ಸನ್ನು ಹಿಡಿಯುತ್ತದೆ, ಬಿಟ್ಟರೂ ಬಿಡದು ಎಂಬ ಅರಿವಿನಿಂದ.

ಬ್ರಿಟಿಷರ ಕಾಲಕ್ಕೆ ನರಿಗೆ ವಿಚಿತ್ರವಾದ ಗೌರವವೊಂದು ಒದಗಿತು. ಇಂಗ್ಲೆಂಡಿನ ಕುಲೀನರು ಕುದುರೆಯೇರಿ, ಹಿಂಡು ನಾಯಿಗಳನ್ನು ಬಿಟ್ಟು ಆಡುತ್ತಿದ್ದ ನರಿಬೇಟೆಗೆ ಬೇಕಾದ ಅಲ್ಲಿಯ ನರಿ ಇಲ್ಲಿ ಇರಲಿಲ್ಲ. ಅದರ ಜಾಗಕ್ಕೆ ಗುಳ್ಳೆನರಿಯನ್ನು ನಿಲ್ಲಿಸಿಕೊಂಡರು. ಇಂಗ್ಲೆಂಡಿನಿಂದ ಹಡಗಿನಲ್ಲಿ ನಾಯಿಗಳನ್ನು ತರಿಸಿದರು. ಬಿಸಿಲಿಗೆ, ರೋಗಕ್ಕೆ ಅವು ಸಾಯುತ್ತಿದ್ದವು, ಮತ್ತೆ ತರಿಸುತ್ತಿದ್ದರು. ಉದಕಮಂಡಲದ ಹುಲ್ಲುಗಾವಲಿನ ಬೇಟೆ ಇವುಗಳಲ್ಲಿ ಪ್ರಸಿದ್ಧವಾದದ್ದು. ಮದರಾಸು, ಪೇಶಾವರಗಳಲ್ಲಿಯೂ ಇಂಥ ಬೇಟೆಕೂಟಗಳಿದ್ದವು. 1809ರಿಂದ ದಂಡುಪ್ರದೇಶವಾಗಿ ಬೆಳೆದ, 1896ರಲ್ಲಿ ತರುಣ ವಿನ್‌ಸ್ಟನ್ ಚರ್ಚಿಲ್ ಕುದುರೆ ದಳದ ಅಧಿಕಾರಿಯಾಗಿ ಬಂದಿಳಿದ ಬೆಂಗಳೂರಿನಂಥ ಊರುಗಳ ಸವಾರರಿಗೆ ಇದು ಚಿರಪರಿಚಿತ ವಿನೋದ. ಬಯಲುಸೀಮೆಯಲ್ಲಿ ಇದು ಬೆಳಗಿನ ಜಾವದ ಆಟ: ಬಿಸಿಲೇರಿ ಇಬ್ಬನಿ ಆರಿತೆಂದರೆ ನೆಲದ ಮೇಲಿನ ವಾಸನೆ ಅಳಿದು ನಾಯಿಗಳಿಗೆ ಜಾಡು ಸಿಗುತ್ತಿರಲಿಲ್ಲ. ಇರುಳೆಲ್ಲ ಹೊಲ ತಿರುಗಿ ಪೊದೆಗೆ ಮರಳುವ ನರಿಯನ್ನು ಮನೆ ಸೇರುವ ಮೊದಲೇ ಹಿಡಿಯುವುದು ಅದರ ಗುಟ್ಟು. ಬೆಳೆ ಕಾಯಲೆಂದೋ ಹೊಟ್ಟೆ ಹೊರೆಯಲೆಂದೋ ಮಾಡಿದ ಬೇಟೆ ಇದಲ್ಲ. ತಿನ್ನಲಾರದ ಪ್ರಾಣಿಯನ್ನು ಓಡಿಸಿ ಓಡಿಸಿ ಕೊಲ್ಲುವುದೇ ಅದರ ಉದ್ದೇಶ.

ಇದಕ್ಕೆ ಸಮಾನಾಂತರವಾಗಿ ಸರ್ಕಾರವೇ ಹಣ ಕೊಟ್ಟು ಕೊಲ್ಲಿಸುವ ಪದ್ಧತಿಯೂ ನಡೆಯಿತು. ಮನುಷ್ಯರಿಗೂ ದನಕರುಗಳಿಗೂ ಹಾನಿಕರವೆಂದು ಎಣಿಸಿದ ಪ್ರಾಣಿಗಳ ತಲೆಗೆ ಇನಾಮು ಗೊತ್ತುಮಾಡಲಾಗಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು, ಸುಮಾರು 2,00,000 ತೋಳಗಳು ಕೊಲ್ಲಲ್ಪಟ್ಟವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕಹಾಕಿದ್ದಾರೆ. ಲೆಕ್ಕಕ್ಕೆ ಸಿಕ್ಕದವು ಬೇರೆ. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಶಾಸನ ಮಾಡಿತು. ಅಂದಿನ ಇಂಥ ಶಾಸನಗಳಲ್ಲಿ ರಕ್ಷಣೆಯೆಂದರೆ ಮುಂದಿನ ಬೇಟೆಗೆ ಪ್ರಾಣಿಗಳು ಉಳಿಯಲಿ ಎಂಬುದೇ ಮುಖ್ಯವಾದ ಕಾಳಜಿ.

ಇರುಳ ಬೇಟೆ ಹಿಂದಿನಿಂದ ಇದ್ದದ್ದೇ ಆದರೂ ಅದಕ್ಕೆ ಬಲ ಬಂದದ್ದು ಬ್ಯಾಟರಿ ದೀಪ ಮತ್ತು ಮೋಟಾರು ಬಂದಮೇಲೆ. ನರಿಯಂಥ ನಿಶಾಚರಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪೊರೆಯೊಂದಿದೆ. ಮಂದಬೆಳಕಿನಲ್ಲೂ ಕಾಣಲೆಂದು ಪ್ರಕೃತಿ ಮಾಡಿದ ಏರ್ಪಾಡು. ಹಣೆಗೆ ಕಟ್ಟಿದ ದೀಪವೋ ಜೀಪಿನ ದೀಪವೋ ತಾಗಿದೊಡನೆ ಆ ಪೊರೆಯೇ ಎರಡು ಕೆಂಡಗಳಂತೆ ಹೊಳೆದು ಪ್ರಾಣಿ ಇರುವ ಜಾಗವನ್ನು ತೋರಿಸಿಕೊಡುತ್ತದೆ. ಕಣ್ಣು ಕೋರೈಸಿದ ಪ್ರಾಣಿ ಗಳಿಗೆಹೊತ್ತು ನಿಂತುಬಿಡುತ್ತದೆ. ಗುಂಡಿಗೆ ಅಷ್ಟು ಹೊತ್ತು ಸಾಕು. ಬದುಕಲೆಂದು ದೊರೆತ ಇಂದ್ರಿಯವೇ ಸಾವಿಗೆ ಗುರುತಾಗುವ ಈ ಬಗೆಯಲ್ಲಿ, ಬೇಟೆಗಾರರು ತಮ್ಮದೆಂದು ಹೇಳಿಕೊಳ್ಳುವ ಸಾಹಸದ ಅಂಶವೂ ಉಳಿಯುವುದಿಲ್ಲ.

ನಗರದ ಅಂಚಿನಲ್ಲಿ ಇಂಥ ಇರುಳುಗಳು ಎಷ್ಟು ಸಮೀಪವಾಗಿದ್ದವೆಂಬುದಕ್ಕೆ ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ಅವರ ಬರಹಗಳೇ ಸಾಕ್ಷಿ. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿ ಜಾಲಹಳ್ಳಿಯ ಚಿರತೆಯ ಪ್ರಸಂಗವೊಂದಿದೆ. ಕನ್ನಡದ ಓದುಗರು ಪೂರ್ಣಚಂದ್ರ ತೇಜಸ್ವಿಯವರು ರೂಪಾಂತರಿಸಿದ ‘ಜಾಲಹಳ್ಳಿಯ ಕುರ್ಕ’ ಎಂಬ ಹೆಸರಿನಿಂದ ಅದನ್ನು ಬಲ್ಲರು. ಇಂದು ಕಾರ್ಖಾನೆಯ ಸೈರನ್ನುಗಳ ನಡುವೆ ಇರುವ ಜಾಲಹಳ್ಳಿ ಆಗ ನಗರದಿಂದ ಏಳೆಂಟು ಮೈಲಿ ದೂರದ ಒಂದು ಹಳ್ಳಿ. ಅದೇ ಪುಸ್ತಕದ ಇನ್ನೊಂದು ಬೇಟೆ ನಡೆಯುವ ಜವಳಗಿರಿ, ಆನೇಕಲ್ಲಿನ ಆಚೆಗೆ, ಎಲೆಕ್ಟ್ರಾನಿಕ್ ಸಿಟಿಗೆ ಅಷ್ಟೇನೂ ದೂರವಲ್ಲದ ಕಾಡು. ವಯಸ್ಸಾದಂತೆ ಆಂಡರ್ಸನ್ ಕೋವಿಗಿಂತ ಕ್ಯಾಮೆರಾದ ಕಡೆಗೆ ಒಲಿದರೆಂಬುದೂ ಅವರ ಬರಹಗಳಿಂದಲೇ ತಿಳಿಯುತ್ತದೆ.

ಕಾನೂನು ತಡವಾಗಿ ಬಂದಿತು. ಬಂದಾಗ ಇರುಳಿನ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ತೋರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲು ಪರವಾನಗಿಯ ಮೇಲೆ ಬೇಟೆಗೆ ಅವಕಾಶವಿತ್ತು. ಆದರೆ ಆಗಲೂ ಅದರ 17ನೆಯ ಪ್ರಕರಣವು ವಾಹನದ ಮೇಲಿಂದ ಬೇಟೆಯಾಡುವುದನ್ನು, ವಿಷ, ಬಲೆ, ಉರುಳುಗಳನ್ನು, ಕೃತಕ ಬೆಳಕನ್ನು, ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಬೇಟೆಯನ್ನು ನಿಷೇಧಿಸಿತ್ತು. ಮಾಂಸಾಹಾರಿ ಮೃಗವು ತಾನು ಕೊಂದ ಪ್ರಾಣಿಯ ಬಳಿಗೆ ಮರಳುವಾಗ ಮಾತ್ರ, ಅದಕ್ಕೆಂದೇ ಪಡೆದ ಅನುಮತಿಯಿದ್ದರೆ, ಇರುಳಿಗೂ ಬೆಳಕಿಗೂ ವಿನಾಯಿತಿ. 1991ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೇ ಕೊನೆಗೊಂಡು ಈ ಪ್ರಕರಣಕ್ಕೆ ಕೆಲಸವಿಲ್ಲದಾಯಿತು. 2022ರಲ್ಲಿ ಸಂಸತ್ತು ಒಪ್ಪಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಗುಳ್ಳೆನರಿ ಮೊದಲನೆಯ ಅನುಸೂಚಿಗೆ ಏರಿತು. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ವಿಧಿಸಬಹುದು. ಹುಲಿಯನ್ನು ಕೊಲ್ಲುವುದೂ ಹೊಲದಂಚಿನ ನರಿಯನ್ನು ಕೊಲ್ಲುವುದೂ ಕಾನೂನಿನ ಒಂದೇ ಪಟ್ಟಿಗೆ ಬಂದುದು ಸಣ್ಣ ಬದಲಾವಣೆಯಲ್ಲ.

ಕಾನೂನಿನ ಮಾತು ಹಾಗಿರಲಿ. ಕುರಿಮರಿ ಕಳೆದುಕೊಂಡ ಒಕ್ಕಲಿಗನ ಪ್ರಶ್ನೆಗೆ ಶ್ರಾವಕಧರ್ಮ ಏನು ಹೇಳುತ್ತದೆ? ಜೈನ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ಎಣಿಸಿದ್ದಾರೆ. ಅಡುಗೆ, ಗುಡಿಸುವುದು ಮೊದಲಾದ ಮನೆವಾರ್ತೆಯಲ್ಲಿ ಆಗುವ ಆರಂಭಿ ಹಿಂಸೆ, ಕೃಷಿ ವಾಣಿಜ್ಯಾದಿ ಜೀವನೋಪಾಯದಲ್ಲಿ ಆಗುವ ಉದ್ಯೋಗಿ ಹಿಂಸೆ, ತನ್ನನ್ನೂ ತನ್ನವರನ್ನೂ ರಕ್ಷಿಸುವಾಗ ಆಗುವ ವಿರೋಧಿ ಹಿಂಸೆ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆ. ಗೃಹಸ್ಥನು ಪೂರ್ತಿಯಾಗಿ ಬಿಡಲೇಬೇಕಾದದ್ದು ಕೊನೆಯದು. ಉಳಿದ ಮೂರರಲ್ಲಿ ಎಚ್ಚರದಿಂದ ಕಡಮೆ ಮಾಡಿಕೊಳ್ಳುತ್ತ ಹೋಗಬೇಕು. ಹಟ್ಟಿಯೊಳಕ್ಕೆ ನುಗ್ಗಿದ ನರಿಯನ್ನು ಕೋಲು ಬೀಸಿ ಓಡಿಸುವಾಗ ಅದಕ್ಕೆ ಪೆಟ್ಟಾದರೆ ಅದು ವಿರೋಧಿ. ನಾಳೆ ಬಂದೀತೆಂದು ಇಂದಿನ ಇರುಳು ದೀಪ ಹಿಡಿದು ಹೊಲಹೊಲ ಹುಡುಕಿ ಕಂಡ ನರಿಗಳನ್ನೆಲ್ಲ ಹೊಡೆದರೆ, ಅದಕ್ಕೆ ರಕ್ಷಣೆಯ ಹೆಸರಿಟ್ಟರೂ, ಅದು ಸಂಕಲ್ಪಿಯೇ. ಎರಡರ ನಡುವಿನ ಗಡಿ ಹಟ್ಟಿಯ ಬಾಗಿಲಿನಲ್ಲಿದೆ.

ಇದಕ್ಕಿಂತ ಕಠಿನವಾದ ವಾದವೊಂದುಂಟು: ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಅದು ಮುಂದೆ ಕೊಲ್ಲಲಿದ್ದ ಅನೇಕ ಜೀವಗಳು ಉಳಿಯುವುದಿಲ್ಲವೇ? ಲೆಕ್ಕದಲ್ಲಿ ಅಹಿಂಸೆಯೇ ಗೆದ್ದಂತಾಗಲಿಲ್ಲವೇ? ಈ ಪ್ರಶ್ನೆ ಇಂದಿನದೆಂದು ತಿಳಿಯಬೇಕಾಗಿಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನು ಎತ್ತಿಕೊಂಡು, ಒಂದರ ಪ್ರಾಣಹರಣದಿಂದ ಹಲವು ಉಳಿಯುತ್ತವೆಂಬ ಭಾವನೆಯಿಂದ ಹಿಂಸ್ರಜೀವಿಗಳನ್ನು ಕೊಲ್ಲಕೂಡದೆಂದು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಬದುಕಿದ್ದರೆ ಅವು ಇನ್ನಷ್ಟು ಪಾಪ ಕಟ್ಟಿಕೊಳ್ಳುತ್ತವೆ, ಆದ್ದರಿಂದ ಕೊಲ್ಲುವುದೇ ದಯೆ ಎಂಬ ವಾದವನ್ನೂ, ದುಃಖದಲ್ಲಿರುವುದನ್ನು ಕೊಂದರೆ ದುಃಖ ತೀರುತ್ತದೆಂಬ ವಾದವನ್ನೂ ಅವರು ಬೆನ್ನಲ್ಲೇ ತಳ್ಳಿಹಾಕುತ್ತಾರೆ. ಕಾರಣ ಸರಳ. ಹಿಂಸೆ ಅಳೆಯಲ್ಪಡುವುದು ಸತ್ತವರ ಮತ್ತು ಉಳಿದವರ ಎಣಿಕೆಯಿಂದಲ್ಲ, ಕೊಲ್ಲುವವನ ಭಾವದಲ್ಲಿ ರಾಗದ್ವೇಷಗಳು ಹುಟ್ಟಿದವೇ ಎಂಬುದರಿಂದ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬವಣೆಪಟ್ಟ ಕಥೆಯನ್ನು ಜನ್ನನು 1209ರಲ್ಲಿ ಕನ್ನಡಿಗರಿಗೆ ಹೇಳಿದ್ದು ಈ ತತ್ತ್ವಕ್ಕಾಗಿಯೇ. ಆ ಕಥೆಯೊಳಗೂ ಬೇಟೆಯುಂಟು: ಮಗ ಯಶೋಮತಿಯು ಬೇಟೆ ದೊರೆಯದ ಸಿಟ್ಟಿಗೆ ದಾರಿಯಲ್ಲಿದ್ದ ಸುದತ್ತಾಚಾರ್ಯರ ಮೇಲೆ ನಾಯಿಗಳನ್ನು ಛೂಬಿಟ್ಟನು, ನಾಯಿಗಳು ಮುನಿಯ ಮುಂದೆ ತಲೆಬಾಗಿ ನಿಂತವು. ಬೇಟೆಯ ಚಟ ಹಿಡಿದವನಿಗೆ ಮೃಗ ಸಿಗದಿದ್ದರೆ ಮನುಷ್ಯನೂ ಆದೀತೆಂಬುದನ್ನು ಕವಿ ಇಷ್ಟು ಸಹಜವಾಗಿ ಹೇಳಿಬಿಡುತ್ತಾನೆ.

ಹೊರಗಿನ ಲೋಕದ ಅನುಭವವೊಂದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಬಯಲುಗಳಲ್ಲಿ ಕಯೋಟಿ ಎಂಬ, ನಮ್ಮ ಗುಳ್ಳೆನರಿಯ ಹತ್ತಿರದ ಬಂಧುವೆನ್ನಬಹುದಾದ ಪ್ರಾಣಿಯಿದೆ. ಕುರಿಗಾರರ ಹಿತಕ್ಕಾಗಿ ಅದನ್ನು ನೂರು ವರ್ಷಗಳಿಂದ ಕೋವಿ, ಬೋನು, ವಿಷ, ವಿಮಾನಗಳಿಂದ ಕೊಲ್ಲುತ್ತ ಬಂದಿದ್ದಾರೆ. ಅಲ್ಲಿನ ಕೃಷಿ ಇಲಾಖೆಯ ಅಂಗವೊಂದೇ ಹಲವು ವರ್ಷಗಳಲ್ಲಿ ವರ್ಷಕ್ಕೆ 60,000ಕ್ಕೂ ಮೀರಿ ಕಯೋಟಿಗಳನ್ನು ಕೊಂದಿದೆ. ಖಾಸಗಿ ಬೇಟೆಗಾರರು ಇರುಳಿನಲ್ಲಿ, ಮೈಯ ಬಿಸಿಯನ್ನೇ ಚಿತ್ರವಾಗಿ ತೋರುವ ದುರ್ಬೀನು ಹಿಡಿದು, ಗಾಯಗೊಂಡ ಮೊಲದ ಚೀತ್ಕಾರವನ್ನು ಯಂತ್ರದಿಂದ ಹೊರಡಿಸಿ ಅವನ್ನು ತೆರೆದ ಹೊಲಕ್ಕೆ ಸೆಳೆಯುತ್ತಾರೆ. ಹಿಂಸೆಯೊಡನೆ ಮಾಯೆಯೂ, ಎಂದರೆ ಕಪಟವೆಂಬ ಕಷಾಯವೂ ಕೂಡಿದ ಬಗೆ ಇದು. ಫಲ? ಗುಂಪಿನ ಹಿರಿಯವು ಸತ್ತೊಡನೆ ಕಟ್ಟು ಮುರಿದು, ಉಳಿದವು ಚಿಕ್ಕ ವಯಸ್ಸಿಗೇ ಮರಿಹಾಕತೊಡಗುತ್ತವೆ, ಆಹಾರ ಹೆಚ್ಚಿ ಮರಿಗಳು ಹೆಚ್ಚು ಬದುಕುತ್ತವೆ, ಖಾಲಿಯಾದ ಜಾಗಕ್ಕೆ ಅಲೆಮಾರಿಗಳು ಬಂದು ಸೇರುತ್ತವೆ. ಒಂದು ಕಾಲಕ್ಕೆ ಪಶ್ಚಿಮದ ಬಯಲುಗಳಲ್ಲಿದ್ದ ಪ್ರಾಣಿ ಈಗ ಅಮೆರಿಕದ ಪೂರ್ವ ಕರಾವಳಿಯವರೆಗೂ ಹಬ್ಬಿದೆ. ಕಯೋಟಿ ಕೊಲ್ಲುವ ಪಂದ್ಯಗಳನ್ನು ಕ್ಯಾಲಿಫೋರ್ನಿಯ ರಾಜ್ಯವು 2014ರಲ್ಲಿ ಮೊದಲಿಗೆ ನಿಷೇಧಿಸಿತು. ಅಮೃತಚಂದ್ರರ ನಿಷೇಧಕ್ಕೆ ಇಂಥ ಲೆಕ್ಕದ ಆಸರೆ ಬೇಕಾಗಿಲ್ಲ ನಿಜ. ಆದರೆ ಒಂದನ್ನು ಕೊಂದು ಹಲವನ್ನು ಉಳಿಸುವೆವೆಂಬ ವಾದ ತನ್ನದೇ ಲೆಕ್ಕದಲ್ಲಿಯೂ ನಿಲ್ಲದೆಂಬುದನ್ನು ತಿಳಿದರೆ ಕೆಡುಕಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಈಗ ದೀಪ ಹಿಡಿದು ನರಿ ಹುಡುಕುವವರು ಬೇಕಾಗಿಲ್ಲ. ನರಿಯ ನೆಲವೇ ಇಲ್ಲವಾಗಿದೆ. ಗೋಮಾಳಗಳು ನಿವೇಶನಗಳಾದವು, ಕಳ್ಳಿಬೇಲಿಗಳ ಜಾಗದಲ್ಲಿ ಎತ್ತರದ ಗೋಡೆಗಳೆದ್ದವು, ಇಡೀ ಇರುಳು ಬೆಳಗುವ ದೀಪಗಳು ಬಂದವು. ಸುಟ್ಟವನೂ ಇಲ್ಲ, ಸುಡಿಸಿದವ ಯಾರೆಂದು ಬೆರಳು ತೋರಿಸಲೂ ಆಗದು. ಶಾಸ್ತ್ರದ ಮಾತಿನಲ್ಲಿ ಇದು ಉದ್ಯೋಗಿ ಹಿಂಸೆ. ಗೃಹಸ್ಥನಿಗೆ ಅದರಲ್ಲಿ ವಿನಾಯಿತಿ ಉಂಟೆಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ವಿನಾಯಿತಿ ಇರುವುದು ಅನಿವಾರ್ಯವಾದಷ್ಟಕ್ಕೆ, ಅದೂ ಯತ್ನಾಚಾರದಿಂದ ನಡೆದವನಿಗೆ. ಅನಗತ್ಯವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದನ್ನು ಅನರ್ಥದಂಡದ ‘ಪ್ರಮಾದಚರ್ಯೆ’ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರೆಯಾಗಿಯೇ ಎಣಿಸಿದ್ದಾರೆ. ಕೊಲ್ಲುವ ಉಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದು ಅದೇ ಪಟ್ಟಿಯ ‘ಹಿಂಸಾದಾನ’.

ಈ ಎರಡು ಮಾತುಗಳು ಇಂದಿನ ಟ್ರಸ್ಟುಗಳಿಗೆ ನೇರವಾಗಿ ತಾಗುತ್ತವೆ. ಬಸದಿಗೆ ದಾನವಾಗಿ ಬಂದ ಹೊಲವನ್ನು, ಗೋಶಾಲೆಯ ಮೇವಿನ ಜಮೀನನ್ನು, ತೋಟದ ಮನೆಯನ್ನು ಗುತ್ತಿಗೆಗೆ ಕೊಡುವುದುಂಟು. ಗುತ್ತಿಗೆದಾರನು ಕಾಡುಹಂದಿಗೆಂದು ಬೇಲಿಗೆ ತಂತಿಯ ಉರುಳು ಕಟ್ಟುತ್ತಾನೆ, ಬೇಲಿಗೆ ನೇರ ವಿದ್ಯುತ್ತು ಹರಿಸುತ್ತಾನೆ, ಹಣ್ಣಿನೊಳಗೆ ಸಿಡಿಮದ್ದು ಅಡಗಿಸಿಡುತ್ತಾನೆ. ಉರುಳಿಗೆ ಹಂದಿಯೆಂದೂ ನರಿಯೆಂದೂ ಭೇದವಿಲ್ಲ. ಕೋವಿ ಹಿಡಿದ ಬೇಟೆಗಾರನು ಒಂದು ಇರುಳಿನಲ್ಲಿ ದಣಿದು ಮನೆಗೆ ಹೋದಾನು, ಉರುಳು ದಣಿಯದೆ ಎಲ್ಲ ಇರುಳೂ ಕಾಯುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಿಂದ ಪಾಪ ಒಳಬರುತ್ತದೆಂದು ಪ್ರತಿದಿನ ಪ್ರತಿಕ್ರಮಣದಲ್ಲಿ ನೆನೆಯುವವರು, ಗುತ್ತಿಗೆ ಪತ್ರದಲ್ಲಿ ಬಾಡಿಗೆ, ಅವಧಿಗಳೊಡನೆ ಉರುಳು, ವಿಷ, ವಿದ್ಯುತ್ ಬೇಲಿಗಳ ನಿಷೇಧವನ್ನೂ ಬರೆಸಲು ಒಂದು ಸಾಲು ಸಾಕು. ಬಲವಾದ ಇರುಳುಹಟ್ಟಿ, ಸತ್ತ ದನವನ್ನು ಹೊಲದಲ್ಲಿ ಬಿಡದೆ ಹೂಳುವುದು, ಕಸವನ್ನು ಗೋಡೆಯಾಚೆ ಎಸೆಯದಿರುವುದು ಇವು ನರಿಯನ್ನೂ, ಕಸಕ್ಕೆ ನೆರೆಯುವ ನಾಯಿಗಳ ಬೆನ್ನುಹತ್ತಿ ಬರುವ ಚಿರತೆಯನ್ನೂ ದೂರವಿಡುವ ಸಾದಾ ಉಪಾಯಗಳು.

ಚಿರತೆಯ ಮಾತು ಸುಮ್ಮನೆ ಬಂದದ್ದಲ್ಲ. 2016ರ ಫೆಬ್ರವರಿಯ ಒಂದು ಭಾನುವಾರ ವೈಟ್‌ಫೀಲ್ಡ್ ಬಳಿಯ ಶಾಲೆಯೊಂದಕ್ಕೆ ಚಿರತೆ ಹೊಕ್ಕು, ಹಿಡಿಯಹೋದವರನ್ನು ಗಾಯಗೊಳಿಸಿ, ಕೊನೆಗೆ ಅರಿವಳಿಕೆಗೆ ಸಿಕ್ಕಿತು. ಬನ್ನೇರುಘಟ್ಟಕ್ಕೆ ಒಯ್ದ ಕೆಲವೇ ದಿನಗಳಲ್ಲಿ ಬೋನಿನಿಂದ ತಪ್ಪಿಸಿಕೊಂಡಿತು. 2023ರ ಅಕ್ಟೋಬರ್ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿರುವ ಸಿಂಗಸಂದ್ರ, ಕೂಡ್ಲು ಗೇಟುಗಳ ಸುತ್ತ ಇನ್ನೊಂದು ಚಿರತೆ ಇರುಳಿನ ಕ್ಯಾಮೆರಾಗಳಲ್ಲಿ ಕಾಣಿಸಿತು. ಜನ ಬಾಗಿಲು ಹಾಕಿಕೊಂಡು ಕುಳಿತರು. ನವೆಂಬರ್ 1ರಂದು ಅದನ್ನು ಸೆರೆಹಿಡಿಯುವ ಯತ್ನದಲ್ಲಿ ಅದು ಸಿಬ್ಬಂದಿಯ ಮೇಲೆ ಎರಗಿತು, ಗುಂಡು ಹಾರಿತು, ಚಿರತೆ ಸತ್ತಿತು. ಗುಂಡು ಹಾರಿಸಿದವರದು ವಿರೋಧಿ ಹಿಂಸೆಯೆಂದು ಶಾಸ್ತ್ರವೂ ಒಪ್ಪೀತು. ಅದನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಯಾವ ಹಿಂಸೆ ಎಂಬುದನ್ನು ಆ ಗುಂಡು ಹಾರಿಸಿದವರ ತಲೆಗೆ ಕಟ್ಟಲಾಗದು.

ಬನ್ನೇರುಘಟ್ಟದ ಹೆಸರು ಬಂದಾಗ ಅಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನರನ್ನು ಮರೆಯಲಾಗದು. ತಲೆಮಾರುಗಳಿಂದ ಬಲೆ, ಉರುಳುಗಳಿಂದ ಹಕ್ಕಿ, ನರಿ, ಮೊಲಗಳನ್ನು ಹಿಡಿದು ಬದುಕಿದ ಅಲೆಮಾರಿಗಳವರು. ನೆರೆಯ ತಮಿಳುನಾಡಿನಲ್ಲಿ ಇವರ ಬಂಧುಗಳಿಗೆ ನರಿಯ ಹೆಸರೇ ಅಂಟಿ ನರಿಕುರವರೆಂದಾಗಿದೆ. ಅದೃಷ್ಟ ತರುವುದೆಂದು ಪೇಟೆಯವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ‘ನರಿಕೊಂಬು’ ಎಂಬ ವಸ್ತುವಿಗಾಗಿ ಸತ್ತ ನರಿಗಳಿಗೆ ಲೆಕ್ಕವಿಲ್ಲ. ನರಿಗೆ ಕೊಂಬು ಇರುವುದಿಲ್ಲ, ಮಾರಿದ್ದು ಬರಿಯ ತಲೆಬುರುಡೆಯ ತುಣುಕೋ ಕೂದಲ ಗಂಟೋ. ಆ ಪಾಪದಲ್ಲಿ ಹಿಡಿದವನ ಪಾಲೆಷ್ಟು, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲು ಕೊಂಡವನ ಪಾಲೆಷ್ಟು? ಬೇಟೆ ಕಾನೂನಿಗೆ ಹೊರಗಾದ ಮೇಲೆ ಈ ಜನ ಗಿಡಮೂಲಿಕೆಯ ತೈಲ ಮಾರುವ ಕಸಬು ಹಿಡಿದು ದೇಶಾಂತರಗಳಿಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದ ಕನ್ನಡನಾಡಿನವರು ಬಹುಮಟ್ಟಿಗೆ ಹಕ್ಕಿಪಿಕ್ಕಿಗಳೇ ಎಂಬ ಸುದ್ದಿ ಹಲವರನ್ನು ಬೆರಗುಗೊಳಿಸಿತು. ಬಲೆ ಬಿಟ್ಟವರು ಎಷ್ಟು ದೂರ ಹೋಗಿ ಅನ್ನ ಹುಡುಕಬೇಕಾಯಿತೆಂಬುದು ಆಗ ನಗರಕ್ಕೆ ತಿಳಿಯಿತು.

ಬೇಡನನ್ನು ಹೀಗಳೆಯುವ ರೂಢಿ ಜೈನಪುರಾಣಗಳಲ್ಲಿ ಇಲ್ಲ. ಭಗವಾನ್ ಮಹಾವೀರರ ಭವಾವಳಿ ಪುರೂರವನೆಂಬ ಭಿಲ್ಲನಿಂದ ಆರಂಭವಾಗುತ್ತದೆ. ದಟ್ಟ ಅಡವಿಯಲ್ಲಿ ದಾರಿತಪ್ಪಿ ನಡೆಯುತ್ತಿದ್ದ ಸಾಗರಸೇನ ಮುನಿಯನ್ನು ಅವನು ದೂರದಿಂದ ಜಿಂಕೆಯೆಂದು ಭ್ರಮಿಸಿ ಬಿಲ್ಲಿಗೆ ಬಾಣ ಹೂಡಿದನು. ಪಕ್ಕದಲ್ಲಿದ್ದ ಹೆಂಡತಿ ಕಾಳಿಕೆ ಅವನ ಕೈ ತಡೆದಳು: ಅದು ಮೃಗವಲ್ಲ, ವನದೇವತೆ ಸುಳಿಯುತ್ತಿರಬೇಕು ಎಂದಳು. ಬಾಣ ಬತ್ತಳಿಕೆಗೆ ಮರಳಿತು. ಇಬ್ಬರೂ ಹತ್ತಿರ ಹೋಗಿ ಮುನಿಗೆ ವಂದಿಸಿದರು. ಮುನಿಯು ಅವನಿಗೆ ಕೊಟ್ಟದ್ದು ಮಹಾವ್ರತಗಳನ್ನಲ್ಲ. ಮದ್ಯ, ಮಾಂಸ, ಮಧು ಬಿಡುವಷ್ಟನ್ನು, ಅವನು ನಡೆಸಬಲ್ಲಷ್ಟನ್ನು. ಅದನ್ನು ಬಾಳಿನುದ್ದಕ್ಕೂ ಪಾಲಿಸಿ ಅವನು ಸೌಧರ್ಮಕಲ್ಪದಲ್ಲಿ ಹುಟ್ಟಿದನು. ಅಲ್ಲಿಂದ ಮರೀಚಿಯಾಗಿ ಭರತಚಕ್ರವರ್ತಿಯ ಮನೆಗೆ ಬಂದನು.